ಪೃಚ್ಛಕರೆಂಬ ಪ್ರೀತಿಯ ಪೀಡಕರು

ಅಷ್ಟಾವಧಾನದ ವೇದಿಕೆಯಲ್ಲಿ ಕುರ್ಚಿಗಳು ಒಂಬತ್ತು. ನಡುವಿನದು ಅವಧಾನಿಗೆ, ಉಳಿದ ಎಂಟು ಪೃಚ್ಛಕರಿಗೆ, ಅಂದರೆ ಪ್ರಶ್ನೆ ಕೇಳುವವರಿಗೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಎಂಟು ಕಡೆಯಿಂದ ಬೀಳುವ ಸವಾಲುಗಳನ್ನು ತಲೆಯಲ್ಲೇ ಇಟ್ಟುಕೊಂಡು, ಪದ್ಯ ಕೇಳಿದ ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಸುತ್ತು ಸುತ್ತಾಗಿ ಪದ್ಯ ಕಟ್ಟುತ್ತ ಹೋಗಬೇಕು. ಮೂರು ಗಂಟೆಯ ಆಟ ಮುಗಿಯುವಾಗ ಅಷ್ಟೂ ಪದ್ಯಗಳನ್ನು ಒಂದಕ್ಷರ ಬಿಡದೆ ಒಪ್ಪಿಸಬೇಕು. ಸಭಿಕರ ಕಣ್ಣು, ಮರುದಿನದ ಪತ್ರಿಕೆಯ ಫೋಟೊ, ಶಾಲು, ಹಾರ, ಫಲತಾಂಬೂಲ ಎಲ್ಲವೂ ನಡುಗುರ್ಚಿಗೇ ಸಲ್ಲುವುದು ನ್ಯಾಯವೇ. ಆದರೆ ಈ ಆಟದ ಗಮ್ಮತ್ತು ಗೊತ್ತಾಗಬೇಕಾದರೆ ಅಕ್ಕಪಕ್ಕದ ಎಂಟು ಕುರ್ಚಿಗಳನ್ನು ನೋಡಬೇಕು. ಅಲ್ಲಿ ಕುಳಿತವರು ಒಬ್ಬೊಬ್ಬರು ಒಂದೊಂದು ಪ್ರಕೃತಿಯವರು. ವರ್ಷಗಟ್ಟಲೆ ಅದದೇ ಕುರ್ಚಿಯಲ್ಲಿ ಕುಳಿತು ಆ ಕುರ್ಚಿಯ ಸ್ವಭಾವವೇ ಮೈಗೂಡಿದೆಯೋ ಅಥವಾ ಸ್ವಭಾವ ನೋಡಿಯೇ ಕುರ್ಚಿ ಕೊಟ್ಟಿದ್ದಾರೋ, ಹೇಳುವುದು ಕಷ್ಟ.

ಹೊಸೂರು, ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯವರಿಗೆ ಈ ಕಲೆಯನ್ನು ಪರಿಚಯಿಸಲು ಹೆಚ್ಚು ಪೀಠಿಕೆ ಬೇಡ. ಸೇಲಂ ಜಿಲ್ಲೆಯಲ್ಲಿದ್ದ ಈ ಸೀಮೆ 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಮನೆಮಾತು ಬದಲಾಗಲಿಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಸಂತೆಯಲ್ಲಿ ಒಂದು ಭಾಷೆಯಲ್ಲಿ ಬೆಲೆ ಕೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುವವರ ಊರು ಇದು. ಅವಧಾನ ಹುಲುಸಾಗಿ ಬೆಳೆದದ್ದು ತೆಲುಗಿನಲ್ಲಿ. ತಮಿಳಿನಲ್ಲಿ ಅದಕ್ಕೆ ಕವನಗಂ ಎಂದು ಹೆಸರು. ಕನ್ನಡದಲ್ಲಿ ಅದಕ್ಕೆ ಹೊಸ ಜೀವ ಕೊಟ್ಟವರು ಹುಟ್ಟಿದ್ದು ಪಕ್ಕದ ಕೋಲಾರದಲ್ಲಿ. ಮೂರು ದಿಕ್ಕಿನ ಮೂರು ಧಾರೆಗಳೂ ಹೊಸೂರಿಗೆ ಹತ್ತಿರವೇ.

ಮೊದಲ ಕುರ್ಚಿ ನಿಷೇಧಾಕ್ಷರಿಯದು. ಈ ಪೃಚ್ಛಕ ಮೊದಲು ಒಂದು ವಸ್ತು ಕೊಡುತ್ತಾನೆ. ಅವಧಾನಿ ಒಂದು ಅಕ್ಷರ ಹೇಳುತ್ತಾನೆ. ಮುಂದಿನ ಅಕ್ಷರ ಯಾವುದಿರಬಹುದೆಂದು ಊಹಿಸಿ ಪೃಚ್ಛಕ ಅದನ್ನೇ ನಿಷೇಧಿಸುತ್ತಾನೆ. ಅವಧಾನಿ ಬೇರೆ ಅಕ್ಷರ ಹಿಡಿಯಬೇಕು. ಅದರ ಮುಂದಿನದಕ್ಕೂ ತಡೆ. ಹೀಗೆ ಅಕ್ಷರ ಅಕ್ಷರಕ್ಕೂ ಹಾದಿ ಮುಚ್ಚುತ್ತ ಹೋಗುವಾಗಲೂ ಸಾಲಿಗೆ ಅರ್ಥವಿರಬೇಕು, ಛಂದಸ್ಸು ಕೆಡಬಾರದು. ನಾನೇ ಹೊಸೆದ ಒಂದು ಉದಾಹರಣೆ ಕೊಡುತ್ತೇನೆ. ವಸ್ತು, ಹೊಸೂರಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರ ಎಂದಿಟ್ಟುಕೊಳ್ಳಿ. ಅವಧಾನಿ ‘ಚಂ’ ಎನ್ನುತ್ತಾನೆ. ಚಂದ್ರ ಬರುತ್ತಾನೆಂದು ಎಳೆ ಮಗುವಿಗೂ ಗೊತ್ತು. ಪೃಚ್ಛಕ ‘ದ ಬೇಡ’ ಎನ್ನುತ್ತಾನೆ. ‘ಚಂಚ’ ಎಂದು ಅವಧಾನಿ ಪಕ್ಕಕ್ಕೆ ಸರಿಯುತ್ತಾನೆ. ಚಂಚಲವಿರಬೇಕು ಎಂದು ಪೃಚ್ಛಕ ‘ಲ ಬೇಡ’ ಎನ್ನುತ್ತಾನೆ. ಅವಧಾನಿ ‘ಚಂಚಚ್ಚಂ’ವರೆಗೆ ಹೋಗುತ್ತಾನೆ. ಓಹೋ, ಸುತ್ತುಬಳಸಿ ಮತ್ತೆ ಚಂದ್ರನಲ್ಲಿಗೇ ಬಂದ ಎಂದು ಪೃಚ್ಛಕ ಮೀಸೆಯಡಿಯಲ್ಲಿ ನಕ್ಕು ‘ದ ಬೇಡ’ ಎಂದು ಮತ್ತೆ ಅಡ್ಡಹಾಕುತ್ತಾನೆ. ಅವಧಾನಿ ‘ಪಕ’ ಎಂದು ಮುಗಿಸುತ್ತಾನೆ. ಚಂಚಚ್ಚಂಪಕ, ಮಿರುಗುವ ಸಂಪಿಗೆ. ಚಂದ್ರ ಬರಲಿಲ್ಲ, ಹೂವು ಬಂತು.

ಈ ಕುರ್ಚಿಗೆ ಬೇಕಾದವನು ಹಟಮಾರಿ ಮಾತ್ರವಾದರೆ ಸಾಲದು. ನಿಘಂಟು ಅವನ ನಾಲಗೆಯ ತುದಿಯಲ್ಲಿರಬೇಕು. ಎದುರಿನವನ ತಲೆಯಲ್ಲಿ ಈ ಕ್ಷಣ ಹೊಳೆದಿರುವ ಪದ ಯಾವುದೆಂದು ಅವನಿಗಿಂತ ಅರ್ಧ ಕ್ಷಣ ಮೊದಲೇ ಹೊಳೆಯಬೇಕು. ನುರಿತ ನಿಷೇಧಾಕ್ಷರಿ ಪೃಚ್ಛಕರ ಮುಖದಲ್ಲಿ ಚದುರಂಗದವರ ಗಾಂಭೀರ್ಯವಿರುತ್ತದೆ. ಚಪ್ಪಾಳೆ ಬಿದ್ದರೆ ಅದು ಅವಧಾನಿಗೆ ಎಂದು ಅವರಿಗೆ ಗೊತ್ತು, ಆದರೂ ಒಂದು ಒಳ್ಳೆಯ ತಡೆ ಹಾಕಿದ ಸುಖ ಅವರ ಕಣ್ಣಲ್ಲಿ ಕಾಣುತ್ತದೆ. ನನ್ನನ್ನು ಕೇಳಿದರೆ ಎಂಟರಲ್ಲಿ ಅತ್ಯಂತ ಕಷ್ಟದ ಪೀಠ ಇದೇ.

ಸಮಸ್ಯೆಯ ಕುರ್ಚಿಯವನದು ಬೇರೆಯೇ ಜಾಯಮಾನ. ಅವನು ಮನೆಯಿಂದಲೇ ತಯಾರಾಗಿ ಬಂದಿರುತ್ತಾನೆ. ಪದ್ಯದ ಕೊನೆಯ ಸಾಲನ್ನು ಮಾತ್ರ ಕೊಡುವುದು ಅವನ ಕೆಲಸ. ಆ ಸಾಲು ಅಸಂಬದ್ಧವೋ ಅನಾಚಾರವೋ ಅಸಾಧ್ಯವೋ ಆಗಿರುತ್ತದೆ. ಮೊದಲ ಮೂರು ಸಾಲುಗಳನ್ನು ಕಟ್ಟಿ ಅದನ್ನು ಸಂಭಾವಿತಗೊಳಿಸುವುದು ಅವಧಾನಿಯ ಪಾಡು. ‘ನರಂಗೆ ಬಾಲಮಿರ್ಪುದು’ ಎಂದು ಕೊಟ್ಟರೆನ್ನಿ. ಮನುಷ್ಯನಿಗೆ ಬಾಲ ಎಲ್ಲಿಂದ ತರುವುದು? ಮೂರನೆಯ ಸಾಲನ್ನು ‘ವಾ’ ಎಂಬ ಅಕ್ಷರಕ್ಕೆ ತಂದು ನಿಲ್ಲಿಸಿದರೆ ಮುಗಿಯಿತು, ನರ ವಾನರನಾಗುತ್ತಾನೆ, ಬಾಲ ತಾನಾಗಿ ಬರುತ್ತದೆ. ಇಂಥ ಕೀಲು ಸಿಕ್ಕ ಕ್ಷಣದಲ್ಲಿ ಸಭೆ ಉಘೇ ಎನ್ನುತ್ತದೆ. ಆದರೆ ಪಳಗಿದ ಪೃಚ್ಛಕ ಇಷ್ಟು ಸುಲಭದ ಕೀಲು ಬಿಡುವುದಿಲ್ಲ. ಹಳೆಯ ಛಂದಸ್ಸಿನಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟಳೆಯಿದೆ. ಅವನು ತನ್ನ ಸಾಲಿನ ಎರಡನೆಯ ಜಾಗದಲ್ಲಿ ಝ, ಠ, ಢ ಜಾತಿಯ ಅಪರೂಪದ ಅಕ್ಷರವೊಂದನ್ನು ನೆಟ್ಟು, ಏನೂ ತಿಳಿಯದವನಂತೆ ಕೈಕಟ್ಟಿ ಕೂತುಬಿಡುತ್ತಾನೆ. ಭೋಜರಾಜನ ಆಸ್ಥಾನದ ಕಥೆಗಳಲ್ಲಿ ಕಾಳಿದಾಸನಿಗೆ ಕೊಟ್ಟ ಸಮಸ್ಯೆಯೊಂದರಲ್ಲಿ ಪದಗಳೇ ಇಲ್ಲ, ಬರೀ ಮೆಟ್ಟಿಲ ಮೇಲೆ ಉರುಳುವ ಕೊಡದ ಸದ್ದು. ಆ ತುಂಟತನ ಇಂದಿಗೂ ಈ ಕುರ್ಚಿಯ ಆಸ್ತಿ.

ಪಕ್ಕದಲ್ಲೇ ದತ್ತಪದಿಯವನು. ನಾಲ್ಕು ಪದ ಕೊಟ್ಟು, ಸಾಲಿಗೊಂದರಂತೆ ಅವನ್ನು ಪದ್ಯದೊಳಗೆ ಹುದುಗಿಸಿ ಎನ್ನುತ್ತಾನೆ. ಪದಗಳು ಒಂದು ಲೋಕದವು, ವಸ್ತು ಇನ್ನೊಂದು ಲೋಕದ್ದು. ಲಾರಿ, ಬೈಕು, ವಾಚು ತಯಾರಾಗುವ ಹೊಸೂರಿನಲ್ಲಿ ಈ ಆಟ ನಡೆದರೆ ಪೃಚ್ಛಕ ಪದಕ್ಕಾಗಿ ದೂರ ಹೋಗಬೇಕಿಲ್ಲ. ಹೆದ್ದಾರಿಯ ಕಡೆ ತಿರುಗಿ ‘ಕಾರು, ಲಾರಿ, ಆಟೋ, ವ್ಯಾನು’ ಎನ್ನಬಹುದು. ವಸ್ತು, ದುಶ್ಯಾಸನ ಸೀರೆ ಸೆಳೆಯುವಾಗ ದ್ರೌಪದಿ ಕೃಷ್ಣನಿಗೆ ಇಡುವ ಮೊರೆ! ಅಸಾಧ್ಯವೆನ್ನಿಸುತ್ತದೆ, ಅಲ್ಲವೇ? ಸ್ವಲ್ಪ ಕೆದಕಿ ನೋಡಿ. ಕಾರು ಕಾರುಣ್ಯದೊಳಗಿದೆ. ಲಾರಿ ಕುಲಾರಿಯೊಳಗಿದೆ, ಕುಲಕ್ಕೇ ಶತ್ರುವಾದ ದುರ್ಯೋಧನನಿಗೆ ಹೇಳಿ ಮಾಡಿಸಿದ ಪದ. ಆಟೋ ದುಶ್ಯಾಸನನ ಆಟೋಪದಲ್ಲಿ ಸಿಕ್ಕಿತು. ವ್ಯಾನು? ಕೃಷ್ಣನ ದಿವ್ಯಾನುಗ್ರಹದಲ್ಲಿ. ನಾಲ್ಕೂ ಗಾಡಿಗಳು ಹಸ್ತಿನಾವತಿ ಮುಟ್ಟಿದವು. ದತ್ತಪದಿಯ ಪೃಚ್ಛಕರಲ್ಲಿ ಬಹುಮಂದಿ ಇಂಥ ಪದಗಳನ್ನು ವರ್ಷವಿಡೀ ಹೆಕ್ಕಿ ಜೇಬಿನಲ್ಲಿಟ್ಟುಕೊಳ್ಳುವ ಜಾತಿಯವರು. ಹೋಟೆಲಿನ ತಿಂಡಿಪಟ್ಟಿ, ಔಷಧಿಯ ಡಬ್ಬಿ, ಸಿನಿಮಾ ಪೋಸ್ಟರು, ಏನನ್ನು ಓದಿದರೂ ಅದನ್ನು ಒಡೆದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಚಿತ್ರಕವಿತೆಯ ಕುರ್ಚಿಯವನು ಎಂಟರಲ್ಲಿ ಶುದ್ಧ ಕುಶಲಕರ್ಮಿ. ಒಂದೇ ವ್ಯಂಜನದಲ್ಲಿ ಪದ್ಯ ಬರಲಿ, ಹಾವಿನ ಸುರುಳಿಯ ಆಕಾರದಲ್ಲಿ ಕೂರಲಿ, ತುಟಿಗೆ ತುಟಿ ತಾಗದಿರಲಿ ಎಂದು ಏನೇನೋ ಷರತ್ತು ಹಾಕುತ್ತಾನೆ. ಕೊನೆಯದಕ್ಕೆ ನಿರೋಷ್ಠ್ಯ ಎಂದು ಹೆಸರು. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬವನ ತುಟಿ ಪ್ರಣಯದಲ್ಲಿ ಗಾಯವಾಗಿದ್ದರಿಂದ ಅವನ ಇಡೀ ಕಥೆ ಪ, ಫ, ಬ, ಭ, ಮಗಳಿಲ್ಲದೆ ಸಾಗುತ್ತದೆ. ಕಟ್ಟುನಿಟ್ಟಿನ ಪೃಚ್ಛಕ ಉ, ಒ ಸ್ವರಗಳನ್ನೂ ಬಿಡಿಸುತ್ತಾನೆ. ಈಗ ‘ಕೃಷ್ಣಗಿರಿಯ ಮಾವನ್ನು ನಿರೋಷ್ಠ್ಯದಲ್ಲಿ ವರ್ಣಿಸಿ’ ಎಂದರೆ ಏನಾಗುತ್ತದೆ? ಮಾವು ಎನ್ನುವಂತಿಲ್ಲ, ಆಮ್ರ ಎನ್ನುವಂತಿಲ್ಲ, ಚೂತಕ್ಕೂ ಸ್ವರ ಅಡ್ಡಿ. ರಸಾಲ ಎನ್ನಬಹುದು. ಕೃಷ್ಣಗಿರಿಯನ್ನು ಹೆಸರಿಸಬಹುದು, ಹೊಸೂರನ್ನು ಹೆಸರಿಸುವಂತಿಲ್ಲ. ಹೊಸೂರಿನವರು ಇದಕ್ಕೆ ಬೇಸರಿಸಬಾರದು.

ಆಶುಕವಿತೆಯವನು ವಸ್ತು ಕೊಟ್ಟು ಅಲ್ಲೇ ಪೂರ್ತಿ ಪದ್ಯ ಕೇಳುತ್ತಾನೆ. ಕಾವ್ಯವಾಚನದವರು ಪಂಪನಿಂದಲೋ ಕುಮಾರವ್ಯಾಸನಿಂದಲೋ ಒಂದು ಪದ್ಯವನ್ನು ರಾಗವಾಗಿ ಹಾಡುತ್ತಾರೆ, ಯಾವ ಕಾವ್ಯ, ಯಾವ ಸಂದರ್ಭ ಎಂದು ಅವಧಾನಿ ಗುರುತಿಸಿ ವ್ಯಾಖ್ಯಾನಿಸಬೇಕು. ಈ ಗಮಕಿಗಳ ಕಂಠ ಚೆನ್ನಾಗಿದ್ದರೆ ಸಭೆಗೆ ನಡುವೆ ಉಸಿರಾಡಲು ಒಂದು ಕಿಟಕಿ ತೆರೆದಂತೆ. ಇಬ್ಬರೂ ಸೌಮ್ಯರು, ಅವಧಾನಿಯ ಜೀವ ಹಿಂಡುವವರಲ್ಲ.

ಜೀವ ಹಿಂಡುವವನು ಸಂಖ್ಯಾಬಂಧದವನು. ಸಾಲಿಗೆ ಐದು ಮನೆ, ಐದು ಸಾಲು, ಒಟ್ಟು 25 ಮನೆಗಳ ಚೌಕ ಅವನ ಕೈಯಲ್ಲಿರುತ್ತದೆ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ ತಾನು ಹೇಳಿದ ಮೊತ್ತವೇ ಬರಬೇಕು ಎಂದು ಆರಂಭದಲ್ಲೇ ಒಂದು ಸಂಖ್ಯೆ ಕೊಡುತ್ತಾನೆ. ಆಮೇಲೆ ಸುಮ್ಮನಿರುತ್ತಾನೆ. ಅವಧಾನಿ ಸಮಸ್ಯೆಯ ಎರಡನೆಯ ಸಾಲಿನ ನಡುವೆ ಪದ ಹುಡುಕುತ್ತ ಕಣ್ಣು ಮುಚ್ಚಿರುವಾಗ, ಅದೇ ಗಳಿಗೆ ಕಾದು, ‘ಮೂರನೆಯ ಸಾಲು, ನಾಲ್ಕನೆಯ ಮನೆ?’ ಎಂದು ಎಸೆಯುತ್ತಾನೆ.

ಇದರ ಗುಟ್ಟನ್ನು ಸ್ವಲ್ಪ ಬಿಚ್ಚಬಹುದು. 1ರಿಂದ 25ರವರೆಗಿನ ಅಂಕಿಗಳನ್ನು ಸರಿಯಾಗಿ ಜೋಡಿಸಿದರೆ ಪ್ರತಿ ಸಾಲಿನ ಮೊತ್ತ 65 ಆಗುತ್ತದೆ. 17, 24, 1, 8, 15 ಎಂಬುದು ಅಂಥ ಒಂದು ಚೌಕದ ಮೊದಲ ಸಾಲು. ಪೃಚ್ಛಕ 115 ಕೇಳಿದರೆ ವ್ಯತ್ಯಾಸ 50. ಅದನ್ನು ಐದು ಮನೆಗೆ ಹಂಚಿ ಎಲ್ಲ ಅಂಕಿಗೂ ಹತ್ತು ಕೂಡಿಸಿದರೆ ಮೊದಲ ಸಾಲು 27, 34, 11, 18, 25 ಆಯಿತು, ಮೊತ್ತ 115. ಆ ಚೌಕದ ಮೂರನೆಯ ಸಾಲಿನ ನಾಲ್ಕನೆಯ ಮನೆಯಲ್ಲಿ 20 ಇತ್ತು, ಈಗ ಉತ್ತರ 30. ಐದರಿಂದ ಭಾಗವಾಗದ ಮೊತ್ತ ಕೊಟ್ಟರೆ ಇಷ್ಟು ಸಲೀಸಿಲ್ಲ, ಅನುಭವಸ್ಥ ಪೃಚ್ಛಕ ಅದನ್ನೇ ಕೊಡುತ್ತಾನೆ. ಲೆಕ್ಕ ಕಠಿಣವಲ್ಲ, ಅದು ಬರುವ ಹೊತ್ತು ಕಠಿಣ. ಗಣಿತದ ಮೇಷ್ಟರೋ ಲೆಕ್ಕಪರಿಶೋಧಕರೋ ಈ ಕುರ್ಚಿಯಲ್ಲಿದ್ದರೆ ಹೊತ್ತು ಸಾಧಿಸುವ ಅವರ ನಿರ್ದಯತೆಯನ್ನು ನೋಡಬೇಕು.

ಇನ್ನು ಎಂಟನೆಯವನು, ಅಪ್ರಸ್ತುತ ಪ್ರಸಂಗಿ. ಹೆಸರೇ ಹೇಳುವಂತೆ ಸಂಬಂಧವಿಲ್ಲದ್ದನ್ನು ಕೇಳುವುದು ಅವನ ಹಕ್ಕು. ಯಾರ ಸರದಿ ನಡೆಯುತ್ತಿದ್ದರೂ ಬಾಯಿ ಹಾಕಬಹುದು. ಪೆಟ್ರೋಲ್ ದರ, ಮಗಳ ಮದುವೆ, ಕ್ರಿಕೆಟ್ಟು, ಹೆಂಡತಿಯ ಉಪ್ಪಿಟ್ಟು ಯಾವುದಕ್ಕೂ ನಿರ್ಬಂಧವಿಲ್ಲ. ಅವಧಾನಿ ನಗಿಸುವ ಉತ್ತರ ಕೊಡಲೇಬೇಕು, ಕೊಡುತ್ತಲೇ ಹಿಡಿದ ಎಳೆ ಬಿಡಬಾರದು. ಮೇಲೆ ಕಟ್ಟಿದ ಉದಾಹರಣೆಯನ್ನೇ ಮುಂದುವರಿಸಿ ಹೇಳುವುದಾದರೆ, ಅಪ್ರಸ್ತುತದವನು ಎದ್ದು ‘ಸ್ವಾಮಿ, ಶಿವನಿಗೆ ಸಂಪಿಗೆ ಆಗದೆಂದು ಪುರಾಣದಲ್ಲಿದೆ, ನೀವು ಚಂದ್ರಚೂಡನಿಗೆ ಅದನ್ನೇ ಏರಿಸಿದಿರಲ್ಲ?’ ಎನ್ನುತ್ತಾನೆ. ‘ನಿಷೇಧಾಕ್ಷರಿಯಲ್ಲಿ ನಿಷಿದ್ಧಪುಷ್ಪವಲ್ಲದೆ ಇನ್ನೇನು ಬರುತ್ತೆ?’ ಎಂದು ಅವಧಾನಿ. ಸುಮ್ಮನಾಗುವ ಪ್ರಾಣಿಯಲ್ಲ ಅವನು. ‘ಅಲ್ಲ ಸ್ವಾಮಿ, ಅತ್ತಿಬೆಲೆಯಲ್ಲಿ ಲಾರಿಗೆ ಚೆಕ್‌ಪೋಸ್ಟ್ ಇದೆ, ಅಕ್ಷರಕ್ಕೂ ಉಂಟೇ?’ ‘ಉಂಟು, ಅಧಿಕಾರಿ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ.’

ಜನಕ್ಕೆ ಅತಿ ಪ್ರಿಯನಾದವನು ಇವನೇ. ನನಗೆ ಇವನ ಮೇಲೆ ಒಂದು ತಕರಾರಿದೆ. ಚಪ್ಪಾಳೆಯ ರುಚಿ ಹತ್ತಿದ ಅಪ್ರಸ್ತುತ ಪ್ರಸಂಗಿ ಸಭೆಯನ್ನೇ ನುಂಗಿಬಿಡುತ್ತಾನೆ. ಪದ್ಯದ ಸಾಲು ಯಾರಿಗೂ ನೆನಪಿಲ್ಲ, ಜೋಕು ಎಲ್ಲರಿಗೂ ನೆನಪು ಎಂಬಂತಾದರೆ ಅದು ಅವಧಾನವಲ್ಲ, ಹಾಸ್ಯಸಂಜೆ. ಒಳ್ಳೆಯವನು ಅವಧಾನಿಗೆ ಏಕಾಗ್ರತೆ ಕೂಡುತ್ತಿರುವ ಕ್ಷಣವನ್ನು ನೋಡಿ ಕಲ್ಲೆಸೆಯುತ್ತಾನೆ, ಎರಡು ಮಾತಿನಲ್ಲಿ ಮುಗಿಸುತ್ತಾನೆ, ಸರದಿಯನ್ನು ಹಿಂದಿರುಗಿಸುತ್ತಾನೆ. ಬೇರೆ ಏಳು ಮಂದಿಗೆ ಪಾಂಡಿತ್ಯ ಸಾಕಾದರೆ ಇವನಿಗೆ ಸಮಯಪ್ರಜ್ಞೆ ಬೇಕು.

ಇಷ್ಟಾದ ಮೇಲೆ ಧಾರಣೆ. ಸುತ್ತುಗಳೆಲ್ಲ ಮುಗಿದ ಮೇಲೆ ಅವಧಾನಿ ಪದ್ಯ ಕೇಳಿದ ಪ್ರತಿ ಪೃಚ್ಛಕನ ಕಡೆ ತಿರುಗಿ ಅವನ ಪದ್ಯವನ್ನು ಪೂರ್ತಿಯಾಗಿ ಹೇಳುತ್ತಾನೆ. ಆ ಹೊತ್ತಿಗೆ ಎಂಟೂ ಜನರ ಮುಖ ಬದಲಾಗಿರುತ್ತದೆ. ಮೂರು ಗಂಟೆ ಕಾಲೆಳೆದವರೇ ಈಗ ತುಟಿ ಅಲ್ಲಾಡಿಸುತ್ತ ಜೊತೆಗೂಡಿ ಗೊಣಗುತ್ತಿರುತ್ತಾರೆ, ಎಲ್ಲಿ ಮರೆತುಬಿಡುತ್ತಾನೋ ಎಂಬ ಆತಂಕ. ಎದುರಾಳಿ ಸೋತರೆ ತಮ್ಮ ಪ್ರಶ್ನೆಯೂ ವ್ಯರ್ಥ. ಅವರ ಜಾಣತನಕ್ಕೆ ಸಾಕ್ಷಿ ಉಳಿಯುವುದು ಅವನ ಪದ್ಯದಲ್ಲಿ ಮಾತ್ರ. ಪೃಚ್ಛಕನ ಸ್ಥಾನದ ಸೊಗಸು ಇಲ್ಲಿದೆ ಎಂದು ನನ್ನ ಎಣಿಕೆ: ಗೆಲ್ಲಿಸಬೇಕೆಂಬ ಆಸೆಯಿರುವವನೇ ಸೋಲಿಸಲು ಕೂತಿರುತ್ತಾನೆ.

ತೆಲುಗಿನಲ್ಲಿ ಈ ಕಲೆಗೆ ಊರೂರಲ್ಲಿ ಮಾನ ತಂದವರು ತಿರುಪತಿ ವೆಂಕಟ ಕವುಲು ಎಂದು ಜೋಡಿಯಾಗಿ ಹೆಸರಾದ ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ. ಅನಂತಪುರ ಸೀಮೆಯ ಆಶಾವಾದಿ ಪ್ರಕಾಶರಾವ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ತಮಿಳಿನ ಕಡೆ ನೋಡಿದರೆ ನಾಗರಕೋಯಿಲ್ ಬಳಿಯ ಇಡಲಾಕುಡಿಯ ಶೇಖ್ ತಂಬಿ ಪಾವಲರ್ (1874–1950) ಸಿಗುತ್ತಾರೆ. 1907ರಲ್ಲಿ ಚೆನ್ನೈಯ ವಿಕ್ಟೋರಿಯಾ ಹಾಲ್‌ನಲ್ಲಿ ಶತಾವಧಾನ, ಅಂದರೆ ಒಂದೇ ಕೂಟದಲ್ಲಿ ನೂರು ಸವಾಲುಗಳ ಅವಧಾನ, ಮಾಡಿ ತೋರಿಸಿದ ಮುಸ್ಲಿಂ ವಿದ್ವಾಂಸರು ಅವರು. 2008ರಲ್ಲಿ ಅವರ ಅಂಚೆಚೀಟಿ ಬಂತು. ಕವನಗಂನಲ್ಲಿ ಬೆನ್ನಿಗೆ ಎಸೆದ ಕಾಳುಗಳನ್ನು ಎಣಿಸುವುದು, ಗಂಟೆಯ ಬಡಿತ ಲೆಕ್ಕ ಇಡುವುದು, ತಾರೀಕು ಹೇಳಿದರೆ ವಾರ ಹೇಳುವುದು ಮುಂತಾದ ನೆನಪಿನ ಪಂಥಗಳಿಗೆ ಹೆಚ್ಚು ಜಾಗ. 1330 ಕುರಳ್‌ಗಳನ್ನು ಯಾವ ಸಂಖ್ಯೆ ಕೇಳಿದರೂ ಹೇಳುವ ತಿರುಕ್ಕುರಳ್ ಕವನಗಂ ಇಂದಿಗೂ ತಮಿಳುನಾಡಿನಲ್ಲಿ ಮಕ್ಕಳನ್ನು ಸೆಳೆಯುತ್ತದೆ.

ಕನ್ನಡಕ್ಕೆ ಬಂದರೆ ಶತಾವಧಾನಿ ಆರ್. ಗಣೇಶ್. 1962ರಲ್ಲಿ ಕೋಲಾರದಲ್ಲಿ ಹುಟ್ಟಿದವರು. ಲಂಕಾ ಕೃಷ್ಣಮೂರ್ತಿಯವರ ಅವಧಾನ ನೋಡಿ ಹುಚ್ಚು ಹಿಡಿಸಿಕೊಂಡು, ಮೊದಲು ಗೆಳೆಯರನ್ನೇ ಪೃಚ್ಛಕರನ್ನಾಗಿ ಕೂರಿಸಿಕೊಂಡು ಪಳಗಿದರು. 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರು ಜಯನಗರದ ಎನ್.ಎಂ.ಕೆ.ಆರ್.ವಿ. ಕಾಲೇಜಿನಲ್ಲಿ ಅವರು ನಡೆಸಿದ ಶತಾವಧಾನ ಪೂರ್ತಿ ಕನ್ನಡದಲ್ಲೇ ಇತ್ತು. 2014ರಲ್ಲಿ ಅವರ ಅವಧಾನಗಳು ಸಾವಿರ ಮುಟ್ಟಿದವು. ಸಾವಿರ ಅವಧಾನವೆಂದರೆ ಕಡಿಮೆಯೆಂದರೂ ಎಂಟು ಸಾವಿರ ಸಲ ಯಾರೋ ಪೃಚ್ಛಕರ ಕುರ್ಚಿಯಲ್ಲಿ ಕೂತಿದ್ದಾರೆ, ಆ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ‘ಪದ್ಯಪಾನ’ ಎಂಬ ಬಳಗ ಹೊಸಬರಿಗೆ ಛಂದೋಬದ್ಧ ಪದ್ಯ ಕಟ್ಟುವುದನ್ನು ಕಲಿಸುತ್ತ ಬಂದು ಪೃಚ್ಛಕರ ಒಂದು ಪೀಳಿಗೆಯನ್ನೇ ಬೆಳೆಸಿದೆ. ಗಣೇಶ ಭಟ್ಟ ಕೊಪ್ಪಲತೋಟ ಅವರಂಥ ಕಿರಿಯರು ಈಗ ನಡುಗುರ್ಚಿಯಲ್ಲಿ ಕೂರುತ್ತಿದ್ದಾರೆ. ಅತ್ತಿಬೆಲೆ ಬಳಿಯ ಕರ್ನೂರಿನಲ್ಲಿ ಹುಟ್ಟಿದ, 2023ರಲ್ಲಿ ತೀರಿಕೊಂಡ ಕಲಾವಿದ ಬಿ.ಕೆ.ಎಸ್. ವರ್ಮ ಗಣೇಶರೊಂದಿಗೆ ಕಾವ್ಯಚಿತ್ರ ನಡೆಸುತ್ತಿದ್ದರು. ಒಬ್ಬರು ಪದ್ಯ ಕಟ್ಟುತ್ತಿದ್ದಂತೆ ಇನ್ನೊಬ್ಬರ ಕುಂಚ ಹರಿಯುತ್ತಿತ್ತು. ಹೊಸೂರಿನಿಂದ ಕೂಗಳತೆಯ ಹಳ್ಳಿಯ ಕೈ ಅದು.

ಕೋಲಾರದ ಮಣ್ಣಿಗೆ ಪದದಾಟದ ಗೀಳು ಇದ್ದಿರಬೇಕು. ಕನ್ನಡ ಪದಬಂಧಕ್ಕೆ ಹೆಸರಾದ ಅ.ನಾ. ಪ್ರಹ್ಲಾದರಾವ್ ಕೂಡ ಕೋಲಾರ ಜಿಲ್ಲೆಯ ಅಬ್ಬಣಿಯವರು. ಮೂವತ್ತು ಸಾವಿರಕ್ಕೂ ಹೆಚ್ಚು ಪದಬಂಧ ರಚಿಸಿದ್ದಾರೆ. ಬೆಳಿಗ್ಗೆ ಪತ್ರಿಕೆ ಬಂದೊಡನೆ ಪದಬಂಧದ ಪುಟವನ್ನು ಮೊದಲು ಎಳೆದುಕೊಳ್ಳುವ ನಿವೃತ್ತರು, ಗಂಡ ತುಂಬುವ ಮೊದಲೇ ಪೆನ್ಸಿಲಿನಲ್ಲಿ ತುಂಬಿಬಿಡುವ ಗೃಹಿಣಿಯರು, ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಗೆ ಕತ್ತು ಚಾಚಿ ‘ಅಲ್ಲಿ ಮೂರಕ್ಷರ, ತಾವರೆ’ ಎನ್ನುವವರು, ಇವರೆಲ್ಲ ಅವಧಾನದ ಸಭಿಕರಾಗಲು ಯೋಗ್ಯರು. ಆದರೆ 1913ರಲ್ಲಿ ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ರಚಿಸಿದ ಆ ಆಟ ಒಂಟಿಯಾಗಿ ಕೂತು ಆಡುವಂಥದ್ದು. ಪ್ರಶ್ನೆ ಮಾಡಿದವನ ಮುಖ ಕಾಣುವುದಿಲ್ಲ, ಬೈಯಲು ಸಿಗುವುದಿಲ್ಲ. ಅವಧಾನದಲ್ಲಿ ಎಂಟು ಮುಖಗಳೂ ಎದುರಿಗಿರುತ್ತವೆ.

ಹೊಸೂರು ಕಡೆಯ ಕನ್ನಡದ ಮಕ್ಕಳಿಗೆ ಈ ಆಟ ಒಂದು ರೀತಿಯಲ್ಲಿ ಸುಲಭವಾಗಬೇಕು. 2006ರ ತಮಿಳು ಕಲಿಕೆ ಕಾಯ್ದೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು, ಗಡಿಯ ಕನ್ನಡಿಗರಿಗೆ ಅದರ ಬಗ್ಗೆ ಅಸಮಾಧಾನವೂ ಇದೆ. ಆ ವಾದ ಇಲ್ಲಿ ಬೇಡ. ಎರಡು ಮೂರು ಲಿಪಿ ಬಲ್ಲ ಮಗುವಿನ ಕಿವಿಗೆ ಪದ ಒಡೆಯುವ ಜಾಗಗಳು ಬೇಗ ಕೇಳುತ್ತವೆ ಎಂದು ಮಾತ್ರ ನನ್ನ ಎಣಿಕೆ. ದತ್ತಪದಿಗೆ ತಮಿಳಿನ ಪದ ಕೊಟ್ಟು ಕನ್ನಡದ ವಾಕ್ಯ ಕೇಳಿ ನೋಡಿ.

ಮನೆಯಲ್ಲಿ ಶುರು ಮಾಡಲು ಎಂಟು ಪೃಚ್ಛಕರು ಬೇಡ, ಮೂವರಿದ್ದರೆ ಸಾಕು. ಪದ್ಯವೂ ಬೇಡ, ನೆಟ್ಟಗಿನ ಒಂದು ವಾಕ್ಯ ಬಂದರೆ ಆಯಿತು. ಒಬ್ಬರು ಪದದ ಮುಂದಿನ ಅಕ್ಷರವನ್ನು ತಡೆಯಲಿ. ತಡೆ ಮೊದಲ ಐದು ಅಕ್ಷರಕ್ಕೆ ಮಾತ್ರವಿರಲಿ, ಇಲ್ಲದಿದ್ದರೆ ಜಗಳವಾಗುತ್ತದೆ. ಇನ್ನೊಬ್ಬರು ಅಡುಗೆಮನೆಯ ನಾಲ್ಕು ಸಾಮಾನುಗಳ ಹೆಸರು ಕೊಟ್ಟು ರಾಮಾಯಣದ ಒಂದು ಸಂದರ್ಭ ಕೇಳಲಿ. ಮೂರನೆಯವರು ಮೂರು ಸಾಲು ಮೂರು ಮನೆಯ ಚೌಕ ಬರೆದು, 1ರಿಂದ 9ರವರೆಗಿನ ಅಂಕಿಗಳಿಂದ ಎಲ್ಲ ಕಡೆ 15 ಬರುವಂತೆ ಮಾಡಿಸಿ, ನಡುನಡುವೆ ಮನೆ ಕೇಳುತ್ತಿರಲಿ. ಅಪ್ರಸ್ತುತ ಪ್ರಸಂಗಿಯನ್ನು ನೇಮಿಸುವ ಅಗತ್ಯವಿಲ್ಲ, ಯಾವ ಮನೆಯಲ್ಲಿ ನೋಡಿದರೂ ಒಬ್ಬರು ಆ ಹುದ್ದೆಯಲ್ಲಿ ಆಗಲೇ ಖಾಯಂ ಆಗಿರುತ್ತಾರೆ.